ನಾಯಿ ಕುಂಟುತ್ತಿದೆ, ಕಿವಿಯಲ್ಲಿ ಉಣುಗು ಇದೆ: ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಮಳೆ ಬಿಟ್ಟ ಮೇಲೆ ಬಂದ ಪತ್ರಗಳಲ್ಲಿ ಉಣುಗಿನ ವಿಷಯವೇ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಸುರತ್ಕಲ್ ಹತ್ತಿರ. ನಮ್ಮ ಕರಿಯನಿಗೆ ಐದು ವರ್ಷ. ನಾಲ್ಕು ದಿನದಿಂದ ಕುಂಟುತ್ತಿದ್ದಾನೆ. ಮೊದಲು ಮುಂದಿನ ಕಾಲು, ಈಗ ಹಿಂದಿನ ಕಾಲು. ಬಂಗುಡೆ ಹಾಕಿದರೂ ಮೂಸಿ ನೋಡಿ ಮಲಗುತ್ತಾನೆ. ಕಿವಿಯಲ್ಲಿ ಉಣುಗು ಸಿಕ್ಕಿತು. ನ್ಯೂಜೆರ್ಸಿಯಲ್ಲಿರುವ ಮಗಳು ಇದು ಲೈಮ್ ಕಾಯಿಲೆ, ಅವಳ ನಾಯಿಗೂ ಹೀಗೇ ಆಗಿತ್ತು, ಡಾಕ್ಸಿಸೈಕ್ಲಿನ್ ಕೊಡಿ ಎನ್ನುತ್ತಾಳೆ. ಮೆಡಿಕಲ್‌ನಿಂದ ತಂದು ಕೊಡಬಹುದಾ?

ಉತ್ತರ: ಅಮ್ಮಾ, ಮಾತ್ರೆ ಆಮೇಲೆ. ಇದನ್ನು ಓದಿದ ಕೂಡಲೇ ಕರಿಯನನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ಮಾಡಿಸಿ. ಬಂಗುಡೆ ಬೇಡ ಎನ್ನುವ ನಾಯಿಗೆ ಜ್ವರ ಇದ್ದೇ ಇರುತ್ತದೆ ಅಂತಲೇ ನಾನು ಹಿಡಿಯುತ್ತೇನೆ.

ನಿಮ್ಮ ಮಗಳು ಹೇಳಿದ್ದು ಅವಳ ಊರಿಗೆ ಸರಿ. ಲೈಮ್ ಎನ್ನುವುದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಊರು. 1970ರ ದಶಕದಲ್ಲಿ ಅಲ್ಲಿನ ತುಂಬಾ ಮಕ್ಕಳಿಗೆ ಗಂಟು ಊತ ಬಂತು, ಆ ಊರಿನ ಹೆಸರೇ ಕಾಯಿಲೆಗೆ ನಿಂತಿತು. ಬೊರೇಲಿಯಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಇದಕ್ಕೆ ಕಾರಣ ಅಂತ 1982ರಲ್ಲಿ ಗೊತ್ತಾಯಿತು. ಅದನ್ನು ಹರಡುವುದು ಐಕ್ಸೋಡಿಸ್ ಜಾತಿಯ ಉಣುಗು, ಅದು ಕಾಡಂಚಿನಲ್ಲಿ ಇಲಿ, ಜಿಂಕೆಗಳ ಮೇಲೆ ಬದುಕುವಂಥದ್ದು. ಸೋಂಕು ತಗಲಿದ ನಾಯಿಗಳಲ್ಲಿ ಹೆಚ್ಚಿನವಕ್ಕೆ ಏನೂ ಆಗುವುದಿಲ್ಲ. ಆಗುವವಕ್ಕೆ ಉಣುಗು ಕಚ್ಚಿ ಎರಡರಿಂದ ಐದು ತಿಂಗಳ ನಂತರ ಜ್ವರ, ಗಂಟು ಊತ, ಇವತ್ತು ಈ ಕಾಲು ನಾಳೆ ಆ ಕಾಲು ಎನ್ನುವಂತೆ ಕುಂಟುವುದು, ಅಪರೂಪಕ್ಕೆ ಕಿಡ್ನಿಗೆ ತೊಂದರೆ. ಮನುಷ್ಯರ ಚರ್ಮದಲ್ಲಿ ಬರುವ ದುಂಡಗಿನ ಕೆಂಪು ಗುರುತನ್ನು ನಾಯಿಯಲ್ಲಿ ಹುಡುಕಬೇಡಿ. ಅಲ್ಲೂ ಔಷಧಿ ಡಾಕ್ಸಿಸೈಕ್ಲಿನ್ನೇ, ಸಾಮಾನ್ಯವಾಗಿ ನಾಲ್ಕು ವಾರ.

ಆದರೆ ನಮ್ಮ ಮಂಗಳೂರು, ಉಡುಪಿ ಕಡೆ ನಾಯಿಯ ಕಿವಿಯಲ್ಲಿ ಸಿಗುವುದು ಕಂದು ಬಣ್ಣದ ನಾಯಿ ಉಣುಗು. ಅದು ಲೈಮ್ ಹರಡುವ ಜಾತಿಯಲ್ಲ. ಅದು ತರುವುದು ಎರ್ಲಿಕಿಯಾ, ಬಬೇಸಿಯಾ, ಹೆಪಟೊಜೂನ್ ಇಂಥ ರೋಗಾಣುಗಳನ್ನು. ನಾವು ಎಲ್ಲವನ್ನೂ ಸೇರಿಸಿ ಟಿಕ್ ಫೀವರ್ ಎಂದುಬಿಡುತ್ತೇವೆ, ತೊಂದರೆ ಶುರುವಾಗುವುದೇ ಅಲ್ಲಿಂದ. ಎರ್ಲಿಕಿಯಾ ಬಿಳಿ ರಕ್ತಕಣದೊಳಗೆ ಸೇರಿ ಪ್ಲೇಟ್‌ಲೆಟ್ ಇಳಿಸುತ್ತದೆ. ಆರೋಗ್ಯವಾಗಿರುವ ನಾಯಿಗೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 2ರಿಂದ 5 ಲಕ್ಷ ಪ್ಲೇಟ್‌ಲೆಟ್ ಇರಬೇಕು. ಇಳಿದಾಗ ಹೊಟ್ಟೆಯ ಚರ್ಮದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಮೂಗಿನಿಂದ ರಕ್ತ. ಬಬೇಸಿಯಾ ಕೆಂಪು ರಕ್ತಕಣವನ್ನೇ ಒಡೆಯುತ್ತದೆ, ಮೂತ್ರ ಕಟ್ಟಂಚಾಯದ ಬಣ್ಣಕ್ಕೆ ತಿರುಗಬಹುದು. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಕು, ಬಬೇಸಿಯಾಗೆ ಅದೊಂದೇ ಸಾಕಾಗುವುದಿಲ್ಲ, ಬೇರೆ ಔಷಧಿಯೇ ಬೇಕು. ಎರಡೂ ಒಟ್ಟಿಗೆ ಇರುವ ನಾಯಿಗಳೂ ಬರುತ್ತವೆ. ನೀವು ಮೆಡಿಕಲ್‌ನಿಂದ ಮಾತ್ರೆ ತಂದು ವಾರ ಕಾದರೆ, ಬಬೇಸಿಯಾ ಆಗಿದ್ದರೆ ಆ ವಾರದಲ್ಲಿ ರಕ್ತ ಪೂರಾ ಇಳಿದಿರುತ್ತದೆ.

ಮನೆಯಲ್ಲೇ ಒಂದು ನೋಡಿ. ಕರಿಯನ ಮೇಲ್ದುಟಿ ಎತ್ತಿ ಒಸಡಿನ ಮೇಲೆ ಹೆಬ್ಬೆರಳು ಒತ್ತಿ ಬಿಡಿ. ಒತ್ತಿದ ಜಾಗ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಒತ್ತುವ ಮೊದಲೇ ಒಸಡು ಬೆಳ್ಳಗೆ, ಬೆಳ್ತಿಗೆ ಅನ್ನದ ಹಾಗೆ ಕಂಡರೆ ಅಥವಾ ಹಳದಿ ಇದ್ದರೆ ರಾತ್ರಿಯಾದರೂ ಸರಿ, ಹೊರಡಿ. ಕಪ್ಪು ಒಸಡಿನ ನಾಯಿಯಾದರೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ: ಕಾಲುನೋವಿಗೆ ಅಂತ ನಿಮ್ಮ ಮನೆಯ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದನ್ನೂ ಕೊಡಬೇಡಿ. ಮೊದಲೇ ಪ್ಲೇಟ್‌ಲೆಟ್ ಇಳಿದ ನಾಯಿಗೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಕಿಡ್ನಿ, ಲಿವರ್ ಹೋಗಬಹುದು.

ರಕ್ತದಲ್ಲಿ ಏನೂ ಸಿಗದಿದ್ದರೆ ಪೆಟ್ಟು, ಗಂಟುನೋವು, ಇಲಿಜ್ವರ ಇವನ್ನೂ ಡಾಕ್ಟರ್ ನೋಡಬೇಕಾಗುತ್ತದೆ. ಕರಿಯ ಯಾವತ್ತಾದರೂ ಬೇರೆ ದೇಶದಲ್ಲಿ ಇದ್ದು ಬಂದ ನಾಯಿಯಾಗಿದ್ದರೆ ಲೈಮ್ ಪರೀಕ್ಷೆಯ ಮಾತು ಬೇರೆ.

ಪ್ರಶ್ನೆ: ಮಗಳು ಬರುವಾಗ ಅಲ್ಲಿಂದ ಲೈಮ್ ಲಸಿಕೆ ತರಲಾ ಎಂದು ಕೇಳುತ್ತಾಳೆ. (ಅದೇ ಪತ್ರದಲ್ಲಿ)

ಉತ್ತರ: ಬೇಡ. ಆ ಲಸಿಕೆ ಎರ್ಲಿಕಿಯಾವನ್ನೂ ಬಬೇಸಿಯಾವನ್ನೂ ತಡೆಯುವುದಿಲ್ಲ. ಆ ದುಡ್ಡನ್ನು ಉಣುಗಿನ ಮಾತ್ರೆಗೆ ಇಡಿ.

ಪ್ರಶ್ನೆ: ಕಾರ್ಕಳದಿಂದ ಬರೆಯುತ್ತಿದ್ದೇನೆ. ನಮ್ಮ ನಾಯಿಗೆ ಎರ್ಲಿಕಿಯಾ ಅಂತ 28 ದಿನದ ಮಾತ್ರೆ ಕೊಟ್ಟಿದ್ದಾರೆ. ಮೂರನೇ ದಿನಕ್ಕೇ ಓಡಾಡುತ್ತಿದೆ, ಊಟ ಮಾಡುತ್ತಿದೆ. ಮಾತ್ರೆ ತಿಂದರೆ ವಾಂತಿ ಬೇರೆ. ನಿಲ್ಲಿಸಬಹುದಾ?

ಉತ್ತರ: ನಿಲ್ಲಿಸಬೇಡಿ. ದಯವಿಟ್ಟು. ಎರಡು ಮೂರು ದಿನದಲ್ಲಿ ಚುರುಕಾಗುವುದು ಈ ಔಷಧಿಯ ಗುಣ, ಕಾಯಿಲೆ ಹೋಯಿತು ಅಂತ ಅರ್ಥ ಅಲ್ಲ. ಉಳಿದುಕೊಂಡ ಎರ್ಲಿಕಿಯಾ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಎಲುಬಿನ ಮಜ್ಜೆಗೇ ಕೈಹಾಕುತ್ತದೆ. ಒಂದು ಲ್ಯಾಬ್ರಡಾರ್ ನನ್ನ ಕಣ್ಣಿಂದ ಹೋಗುವುದಿಲ್ಲ. ಹತ್ತು ದಿನ ಮಾತ್ರೆ ತಿಂದು ಗೆಲುವಾಗಿದ್ದ ನಾಯಿ. ಮನೆಯವರು ನಿಲ್ಲಿಸಿದ್ದರು. ಎಂಟು ತಿಂಗಳ ಮೇಲೆ ಒಂದು ಬೆಳಿಗ್ಗೆ ಮೂಗಿಗೆ ಬಿಳಿ ಬೈರಾಸು ಒತ್ತಿಕೊಂಡೇ ತಂದರು, ಬೈರಾಸಿನ ಅರ್ಧ ಕೆಂಪಾಗಿತ್ತು. ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು, ಅಲ್ಲಾಡಿಸುವಾಗ ಮೇಜಿನ ಮೇಲೆ ರಕ್ತದ ಹನಿ ಬಿತ್ತು. ರಕ್ತ ಕೊಟ್ಟೆವು, ಉಳಿಯಲಿಲ್ಲ.

ವಾಂತಿಗೆ ದಾರಿ ಇದೆ. ಖಾಲಿ ಹೊಟ್ಟೆಗೆ ಕೊಡಬೇಡಿ, ಅನ್ನ ಅಥವಾ ಮೊಟ್ಟೆಯ ನಡುವೆ ಇಟ್ಟು ಕೊಡಿ, ಹಾಲು ಮೊಸರಿನ ಜೊತೆ ಬೇಡ, ಅದು ಔಷಧಿಯ ಬಲ ಕಡಿಮೆ ಮಾಡುತ್ತದೆ. ಆದರೂ ನಿಲ್ಲದಿದ್ದರೆ ಡಾಕ್ಟರಿಗೆ ಹೇಳಿ, ದಿನದ ಮಾತ್ರೆಯನ್ನು ಎರಡು ಹೊತ್ತಿಗೆ ಹಂಚಿ ಕೊಡುತ್ತಾರೆ. ಕೋರ್ಸ್ ಮುಗಿದ ಮೇಲೆ ಪ್ಲೇಟ್‌ಲೆಟ್ ಎಣಿಸಿ ನೋಡಿಸಿ. ಕಿಟ್ ಪರೀಕ್ಷೆ ಮತ್ತೆ ಪಾಸಿಟಿವ್ ಬಂದರೆ ಗಾಬರಿ ಬೇಡ, ಅದು ನೋಡುವುದು ಕಾಯಿಲೆಯ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯವನ್ನು, ವಾಸಿಯಾದ ನಾಯಿಯಲ್ಲೂ ಅದು ತಿಂಗಳುಗಟ್ಟಲೆ ಇರುತ್ತದೆ.

ಪ್ರಶ್ನೆ: ಬ್ರಹ್ಮಾವರದ ಹಳೇ ಮನೆ ನಮ್ಮದು. ನಾಯಿಗೆ ಪ್ರತಿ ವಾರ ಉಣುಗಿನ ಶಾಂಪೂ ಹಾಕಿ ತೊಳೆಯುತ್ತೇವೆ. ನಾಲ್ಕು ದಿನಕ್ಕೆ ಮತ್ತೆ ಅಷ್ಟೇ ಉಣುಗು. ಎಲ್ಲಿಂದ ಬರುತ್ತವೆ?

ಉತ್ತರ: ನಿಮ್ಮ ಗೋಡೆಯಿಂದ. ನಾಯಿ ಮೈಮೇಲೆ ಕಾಣುವುದು ಸ್ವಲ್ಪ, ಬಾಕಿಯೆಲ್ಲ ಮನೆಯಲ್ಲಿವೆ.

ಈ ಉಣುಗು ಮರಿಯಾಗಿ ಒಮ್ಮೆ, ಬೆಳೆಯುವಾಗ ಒಮ್ಮೆ, ದೊಡ್ಡದಾಗಿ ಒಮ್ಮೆ, ಹೀಗೆ ಮೂರು ಸಲ ನಾಯಿಯ ರಕ್ತ ಕುಡಿಯುತ್ತದೆ. ಪ್ರತಿ ಸಲವೂ ಕೆಳಗೆ ಉದುರಿ ಸಂದಿಯಲ್ಲಿ ಅಡಗುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಗಿಲಾಯಿ ಇಲ್ಲದ ಮುರಕಲ್ಲಿನ ಗೋಡೆ ಅಂದರೆ ಪೂರಾ ತೂತು ಅಲ್ವಾ, ಉಣುಗಿಗೆ ಅದಕ್ಕಿಂತ ಒಳ್ಳೆ ಮನೆ ಬೇಡ. ರಾತ್ರಿ ಟಾರ್ಚ್ ಹಿಡಿದು ನಾಯಿಗೂಡಿನ ಮೂಲೆ, ಜಗಲಿಯ ಕಂಬದ ಬುಡ, ಬಾಗಿಲ ಚೌಕಟ್ಟಿನ ಹಿಂದೆ ನೋಡಿ. ಹುಣಸೆ ಬೀಜದ ಹಾಗೆ ಉಬ್ಬಿದ್ದು, ಪಕ್ಕದಲ್ಲಿ ಎಳ್ಳಿಗಿಂತ ಸಣ್ಣವು ಹರಿಯುವುದು ಕಾಣುತ್ತದೆ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಜೀವಿ ಅದು. ನಾಲ್ಕು ದಿನದ ಶಾಂಪೂವಿನಿಂದ ಅದಕ್ಕೆ ಏನೂ ಆಗುವುದಿಲ್ಲ.

ಎರಡೂ ಕಡೆ ಒಟ್ಟಿಗೆ ಹಿಡಿಯಬೇಕು. ನಾಯಿಗೆ ಬಾಯಿಯಲ್ಲಿ ಕೊಡುವ ಮಾತ್ರೆ ಇದೆ, ಅಫಾಕ್ಸೊಲೇನರ್ ತಿಂಗಳಿಗೊಂದು, ಫ್ಲುರಲೇನರ್ 12 ವಾರಕ್ಕೊಂದು. ತೂಕ ನೋಡಿಯೇ ಕೊಡಬೇಕು, ಫಿಟ್ಸ್ ಬಂದ ನಾಯಿಯಾದರೆ ಡಾಕ್ಟರಿಗೆ ಮೊದಲೇ ಹೇಳಿ. ಬೆಲೆ ಜಾಸ್ತಿ ಅನಿಸುತ್ತದೆ, ಗೊತ್ತು, ಆದರೆ ಒಂದು ಟಿಕ್ ಫೀವರ್‌ನ ಖರ್ಚು ನೋಡಿದವರು ಹಾಗೆ ಹೇಳುವುದಿಲ್ಲ. ಮನೆಗೆ ಪೆಸ್ಟ್ ಕಂಟ್ರೋಲ್‌ನವರಿಂದ ಸಂದಿಗೊಂದಿಗೆ ಸ್ಪ್ರೇ ಮಾಡಿಸಿ, ಒಣಗುವ ತನಕ ನಾಯಿ, ಬೆಕ್ಕು, ಮಕ್ಕಳನ್ನು ದೂರ ಇಡಿ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ, ಮೊಟ್ಟೆ ಒಡೆದು ಬಂದವು ಆಗ ಸಿಗುತ್ತವೆ. ನಾಯಿ ಮಲಗುವ ಗೋಣಿ ಸುಟ್ಟುಬಿಡಿ, ಬಟ್ಟೆಯಾದರೆ ಬಿಸಿನೀರಿನಲ್ಲಿ ತೊಳೆಯಿರಿ. ಗೂಡಿನ ಗೋಡೆಗೆ ಸಿಮೆಂಟ್ ಬಳಿಸಿ.

ಹಟ್ಟಿಯ ದನಕ್ಕೆ ತಂದ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಹಾಕಿ ನಾಯಿಗೆ ಹೊಯ್ಯಬೇಡಿ. ನೆಕ್ಕಿ ವಿಷವೇರಿದ ನಾಯಿಗಳು ಪ್ರತಿ ವರ್ಷ ನಮ್ಮಲ್ಲಿಗೆ ಬರುತ್ತವೆ.

ಪ್ರಶ್ನೆ: ಚಿಮಿಣಿ ಎಣ್ಣೆ ಹಚ್ಚಿದರೆ ಉಣುಗು ತಾನಾಗಿ ಬಿಡುತ್ತದೆ ಎನ್ನುತ್ತಾರೆ. ಹೌದಾ?

ಉತ್ತರ: ಚಿಮಿಣಿ ಎಣ್ಣೆ, ಬೆಂಕಿಕಡ್ಡಿ, ಸುಣ್ಣ ಯಾವುದೂ ಬೇಡ. ನಾಯಿಯ ಚರ್ಮ ಸುಡುತ್ತದೆ, ಉಣುಗು ಒದ್ದಾಡಿ ತನ್ನ ಎಂಜಲನ್ನು ಒಳಗೇ ಬಿಡುತ್ತದೆ. ಚಿಮುಟದಿಂದ ಚರ್ಮಕ್ಕೆ ತಾಗಿಕೊಂಡೇ ಹಿಡಿದು, ತಿರುಚದೆ, ನಿಧಾನವಾಗಿ ನೇರ ಎಳೆಯಿರಿ. ಸ್ಪಿರಿಟ್ ಇರುವ ಬಾಟಲಿಗೆ ಹಾಕಿ. ಉಗುರಲ್ಲಿ ಒಡೆಯಬೇಡಿ. ಲೈಮ್ ಸೋಂಕು ದಾಟಲು ಉಣುಗು ಒಂದೆರಡು ದಿನ ಕಚ್ಚಿಕೊಂಡಿರಬೇಕು, ಎರ್ಲಿಕಿಯಾಕ್ಕೆ ಕೆಲವೇ ಗಂಟೆ ಸಾಕು. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದು, ಕುತ್ತಿಗೆಪಟ್ಟಿಯ ಅಡಿ, ಬಾಲದ ಬುಡ ತಡವಿ ನೋಡಿ. ಆದರೆ ಹೆಕ್ಕುವುದೊಂದನ್ನೇ ನಂಬಿಕೊಳ್ಳಬೇಡಿ.

ಪ್ರಶ್ನೆ: ನಾಯಿಯ ಟಿಕ್ ಫೀವರ್ ನಮಗೂ ಬರುತ್ತದಾ? ಮಂಗನ ಕಾಯಿಲೆಯೂ ಇದೇನಾ?

ಉತ್ತರ: ನಾಯಿಯನ್ನು ಮುಟ್ಟಿದ್ದಕ್ಕೆ, ನಾಯಿ ನೆಕ್ಕಿದ್ದಕ್ಕೆ ಬರುವುದಿಲ್ಲ. ಮಂಗನ ಕಾಯಿಲೆ ಬೇರೆ. ಅದು ವೈರಸ್, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗೊತ್ತಾಗಿದ್ದು, ಹರಡುವುದು ಕಾಡಿನ ಉಣುಗು. ಆದರೆ ನಾಯಿ ಉಣುಗು ಮನುಷ್ಯರನ್ನೂ ಒಮ್ಮೊಮ್ಮೆ ಕಚ್ಚುತ್ತದೆ, ಅದರಿಂದ ಮೈಮೇಲೆ ಚುಕ್ಕೆ ಏಳುವ ಒಂದು ಜ್ವರ ಬರಬಹುದು. ಗುಡ್ಡೆಗೆ, ಕಾಡಿಗೆ ಸೊಪ್ಪಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಉಣುಗು ಕಚ್ಚಿದ ವಿಷಯವನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಪ್ರಶ್ನೆ: ನಾಯಿಗೆ ತಂದ ಉಣುಗಿನ ಹನಿ ಔಷಧಿ ಮಿಕ್ಕಿದೆ. ಬೆಕ್ಕಿಗೆ ಹಾಕಲಾ?

ಉತ್ತರ: ಹಾಕಬೇಡಿ. ನಾಯಿಯ ಹನಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗಿ ಫಿಟ್ಸ್ ಬಂದು ಸಾಯಬಹುದು. ಆಗಲೇ ಹಾಕಿದ್ದರೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ ಕೂಡಲೇ ಆಸ್ಪತ್ರೆಗೆ ತನ್ನಿ. ಔಷಧಿಯ ಪ್ಯಾಕೆಟ್ ಕೂಡ ಜೊತೆಗೆ ತನ್ನಿ.