ಓದುಗರ ಪ್ರಶ್ನೆ: ನಾಟಕ ಮುಗಿದ ಮೇಲೆ ಮಾತಾಡೋಕೆ ಯಾರೂ ಇಲ್ಲ

ಪ್ರಶ್ನೆ: ಅಕ್ಕಾ, ನಮ್ಮೂರು ಹೊನ್ನಾವರದ ಹತ್ತಿರ. ಬೆಂಗಳೂರಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಕಾಲೇಜು ಬಿಟ್ಟರೆ ಪಿಜಿ ಅಂತ ಇರೋದು ಬೇಡ ಅಂದುಕೊಂಡು ಬಿಡುವಾದಾಗೆಲ್ಲ ಎಲ್ಲಿಗಾದರೂ ಹೋಗುತ್ತೇನೆ. ರಂಗಶಂಕರದಲ್ಲಿ, ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಿದೆ. ಅರಮನೆ ರಸ್ತೆಯಲ್ಲಿರುವ ಆಧುನಿಕ ಕಲೆಯ ಗ್ಯಾಲರಿಗೂ ಹೋಗಿ ಬಂದೆ. ನಾಟಕ ನೋಡುವಾಗ ಮೈ ಜುಂ ಅನ್ನುತ್ತದೆ. ಆದರೆ ಮುಗಿದ ಕೂಡಲೇ ಎಲ್ಲರೂ ಮೊಬೈಲ್ ಆನ್ ಮಾಡಿ, ಕ್ಯಾಬ್ ಬುಕ್ ಮಾಡಿ ಹೊರಟೇ ಬಿಡುತ್ತಾರೆ. ನಮ್ಮೂರಲ್ಲಿ ಯಕ್ಷಗಾನದ ಆಟ ಆದರೆ ಮರುದಿನ ಪೂರ್ತಿ ಅದೇ ಮಾತು. ಕೌರವನ ಪ್ರವೇಶ ಹೇಗಾಯ್ತು, ಭಾಗವತರು ಯಾವ ಪದ್ಯ ಚೆನ್ನಾಗಿ ಎತ್ತಿದರು, ಯಾರ ಅರ್ಥಗಾರಿಕೆ (ಪಾತ್ರಧಾರಿ ಆಡುವ ಮಾತು) ಸಪ್ಪೆಯಾಯ್ತು ಅಂತ ಅಂಗಡಿ ಕಟ್ಟೆಯಲ್ಲಿ ಜಗಳವೇ ನಡೆಯುತ್ತದೆ. ಇಲ್ಲಿ ಒಬ್ಬಳೇ ಬಸ್ ಹತ್ತಿ ಬರುತ್ತೇನೆ, ನೋಡಿದ್ದೆಲ್ಲ ಹೊಟ್ಟೆಯಲ್ಲೇ ಉಳಿಯುತ್ತದೆ. ಗ್ಯಾಲರಿಯಲ್ಲಂತೂ ಬರೀ ಪಿಸುಮಾತು, ಅದೂ ಇಂಗ್ಲಿಷಲ್ಲಿ. ಬರೀ ಬಣ್ಣಗಳಿದ್ದ ಒಂದು ದೊಡ್ಡ ಚಿತ್ರದ ಮುಂದೆ ನಿಂತೆ, ಏನೂ ಅನ್ನಿಸಲಿಲ್ಲ. ಇದೆಲ್ಲ ಅರ್ಥ ಆಗೋಕೆ ಬೇರೆ ಏನಾದರೂ ಓದಬೇಕಾ? ಪಿಜಿ ಗೇಟು ಒಂಬತ್ತೂವರೆಗೇ ಹಾಕುತ್ತಾರೆ, ಅದೊಂದು ತಲೆನೋವು ಬೇರೆ.

ಉತ್ತರ: ತಂಗಿ, ನಿನ್ನ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಅಂಗಡಿ ಕಟ್ಟೆಯ ಜಗಳ. ಮರುದಿನದ ಆ ಮಾತು ಕೂಡ ಆಟದ ಭಾಗವೇ. ಯಾವ ಭಾಗವತರ ದನಿ ಎಲ್ಲಿ ಏರಿತು ಅಂತ ಗುರುತು ಹಿಡಿಯೋಕೆ ನಿನಗೆ ಯಾರೂ ಪಾಠ ಮಾಡಲಿಲ್ಲ ಅಲ್ವಾ? ದೊಡ್ಡವರು ವಾದ ಮಾಡೋದನ್ನು ಕೇಳಿ ಕೇಳಿಯೇ ನಿನ್ನ ಕಿವಿ ತಯಾರಾಯಿತು. ಬೆಂಗಳೂರಲ್ಲಿ ನೋಡೋಕೆ ಬೇಕಾದಷ್ಟಿದೆ, ಕೂತು ಮಾತಾಡುವ ಜಾಗ ಕಡಿಮೆ. ಆ ಜಾಗವನ್ನು ನೀನೇ ಹುಡುಕಿಕೊಳ್ಳಬೇಕು, ಸಿಗದಿದ್ದರೆ ಮಾಡಿಕೊಳ್ಳಬೇಕು.

ಗೇಟಿನ ವಿಷಯ ಮೊದಲು ಮುಗಿಸೋಣ. ರಂಗಶಂಕರದಲ್ಲಿ ಭಾನುವಾರಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಮೂರೂವರೆ ಗಂಟೆಗೂ ಒಂದು ಪ್ರದರ್ಶನ ಇರುತ್ತದೆ. ಅದಕ್ಕೇ ಹೋಗು. ತಡವಾದರೆ ಅಲ್ಲಿ ಒಳಗೆ ಬಿಡುವುದಿಲ್ಲ ಅನ್ನೋದು ನಿನಗೆ ಗೊತ್ತೇ ಇರುತ್ತದೆ, ಹಾಗಾಗಿ ಬೇಗ ಹೊರಡು. ನಾಟಕ ಮುಗಿದ ಮೇಲೆ ಓಡಬೇಡ. ಅಲ್ಲೇ ಕೆಫೆಯಲ್ಲಿ ಕೂತು ಒಂದು ಅಕ್ಕಿರೊಟ್ಟಿ ತಿನ್ನು. ನಟರು ಬಣ್ಣ ಒರೆಸಿಕೊಂಡು ಹೊರಗೆ ಬರುತ್ತಾರೆ, ಹೋಗಿ ಮಾತಾಡಿಸು. 'ಚೆನ್ನಾಗಿತ್ತು' ಅಂತ ಹೇಳಿ ವಾಪಸ್ ಬರಬೇಡ, ಯಾವ ಜಾಗದಲ್ಲಿ ಮೈ ಜುಂ ಅಂತು ಅನ್ನೋದನ್ನು ಹೇಳು. ಅಂಥ ಮಾತಿಗೆ ನಟರು ಕಾದಿರುತ್ತಾರೆ, ಸುಮ್ನೆ ಹೊಗಳಿಕೆ ಅವರಿಗೂ ಸಾಕಾಗಿರುತ್ತದೆ.

ಇನ್ನು ಕಲಾಕ್ಷೇತ್ರ. ಅದು 1963ರಿಂದ ಜೆ.ಸಿ. ರಸ್ತೆಯಲ್ಲಿದೆ, ಹಿಂದೆಯೇ ಸಂಸ ಬಯಲು ರಂಗಮಂದಿರ. ಬಯಲಾಟ ನೋಡಿ ಬೆಳೆದ ನಿನಗೆ ಆಕಾಶದ ಕೆಳಗೆ ಕೂತು ನಾಟಕ ನೋಡೋದು ಹೊಸದೇನಲ್ಲ. ಇನ್ನೊಂದು ಸಂಗತಿ. ಮಳೆಗಾಲದಲ್ಲಿ ಕರಾವಳಿಯ ಮೇಳಗಳ ತಿರುಗಾಟ ನಿಂತಾಗ ಕಲಾವಿದರು ಬೆಂಗಳೂರಿಗೆ ಬಂದು ಆಟ ಆಡುತ್ತಾರೆ, ವೇಷ ಕಟ್ಟದೆ ಕೂತು ಮಾತಲ್ಲೇ ನಡೆಸುವ ತಾಳಮದ್ದಳೆಯೂ ಇರುತ್ತದೆ. ಅಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಕುಂದಾಪುರ, ಹೊನ್ನಾವರ, ಕುಮಟೆ ಕಡೆಯವರೇ. ಚಹಾ ಕುಡಿಯೋಕೆ ಹೊರಗೆ ಬಂದರೆ ನಿನ್ನ ಅಂಗಡಿ ಕಟ್ಟೆ ಅಲ್ಲೇ ಸಿಗುತ್ತದೆ. ರಾತ್ರಿ ಪೂರ್ತಿ ಆಟವಾದರೆ ಗೇಟಿನ ಚಿಂತೆಯೂ ಇಲ್ಲ, ಬೆಳಗಾದ ಮೇಲೆ ಹೋದರಾಯ್ತು. ಗೆಳತಿಯರನ್ನು ಕರೆದುಕೊಂಡು ಹೋಗು, ಪಿಜಿಯವರಿಗೆ ಮೊದಲೇ ಹೇಳಿರು.

ಚಿತ್ರದ ಮುಂದೆ ಏನೂ ಅನ್ನಿಸಲಿಲ್ಲ ಅಂತ ಬರೆದಿದ್ದೀಯ. ಒಂದು ಮಾತು ಕೇಳುತ್ತೇನೆ: ಚಂಡೆಯ ಪೆಟ್ಟಿನ ಅರ್ಥ ಏನು ಅಂತ ನೀನು ಯಾವತ್ತಾದರೂ ಕೇಳಿದ್ದೀಯಾ? ಪೆಟ್ಟು ಬಿದ್ದಾಗ ಎದೆ ಏರುತ್ತದೆ, ಅಷ್ಟೇ. ಬಣ್ಣವನ್ನೂ ಮೊದಲು ಹಾಗೇ ನೋಡು. ಕಣ್ಣು ಮೊದಲು ಎಲ್ಲಿಗೆ ಹೋಯಿತು, ಎಲ್ಲಿ ನಿಂತಿತು, ಯಾವ ಬಣ್ಣ ತಳ್ಳುತ್ತದೆ, ಯಾವುದು ಎಳೆಯುತ್ತದೆ, ಇಷ್ಟು ಗಮನಿಸಿದರೆ ಸಾಕು. ನೀನು ಹೋದ ಆ ಗ್ಯಾಲರಿ, ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಲ್ಲಿ ಶುರುವಾದದ್ದು, ಟಿಕೆಟ್ ಇಪ್ಪತ್ತು ರೂಪಾಯಿ. ಒಂದೇ ದಿನ ಎಲ್ಲ ಕೋಣೆ ಸುತ್ತುವ ಅಗತ್ಯವಿಲ್ಲ. ಒಬ್ಬ ಗೆಳತಿ ಜೊತೆ ಹೋಗಿ, ಒಂದೇ ಚಿತ್ರದ ಮುಂದೆ ಕಾಲು ಗಂಟೆ ಇರಿ. ಇಬ್ಬರೂ ಕಂಡದ್ದನ್ನು ಕನ್ನಡದಲ್ಲೇ ಹೇಳಿಕೊಳ್ಳಿ. ಪಕ್ಕದವರ ಇಂಗ್ಲಿಷಿಗೆ ಹೆದರಬೇಕಾಗಿಲ್ಲ. ಆ ಗೋಡೆಗಳು ಸರ್ಕಾರದ್ದು, ಅಂದರೆ ನಿಂದೂ ಹೌದು.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೂ ಹೋಗು. ಅಲ್ಲಿ ಕೆ.ಕೆ. ಹೆಬ್ಬಾರರ ಕೃತಿಗಳಿವೆ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ಲಯ ಅಂದರೆ ಏನು ಅಂತ ಮೈಯಲ್ಲೇ ತಿಳಿಯಬೇಕು ಅಂತ ಕಥಕ್ ಕಲಿತ ಚಿತ್ರಕಾರ ಅವರು. ಅವರ ರೇಖಾಚಿತ್ರಗಳನ್ನು ನೋಡು, ಒಂದು ಗೆರೆಯಲ್ಲೇ ಇಡೀ ಕುಣಿತ ಇರುತ್ತದೆ. ಯಕ್ಷಗಾನದ ಹೆಜ್ಜೆ ನೋಡಿದ ಕಣ್ಣಿಗೆ ಆ ಗೆರೆ ಬೇಗ ಹತ್ತಿರವಾಗುತ್ತದೆ, ಇದನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ಜನವರಿಯಲ್ಲಿ ಅದೇ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ. ಬರೆದವರೇ ಚಿತ್ರದ ಪಕ್ಕ ಕೂತಿರುತ್ತಾರೆ, ಕೊಳ್ಳದಿದ್ದರೂ ಮಾತಾಡಿಸಬಹುದು.

ಕೊನೆಗೆ, ನಿನ್ನೂರಿಗೆ ಹೋಗುವ ದಾರಿಯಲ್ಲೇ ಇರುವ ಜಾಗ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ಅನ್ನೋ ರಂಗಸಂಸ್ಥೆ ನಡೆಸುವ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಮೇಲೆ ಮರುದಿನ ಬೆಳಿಗ್ಗೆ ಎಲ್ಲರೂ ಕೂತು ಚರ್ಚೆ ಮಾಡುತ್ತಾರೆ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಕೃಷಿಕರು, ದೊಡ್ಡ ಸಾಹಿತಿಗಳು ಎಲ್ಲ ಒಟ್ಟಿಗೆ. ನೀನು ಕೇಳುತ್ತಿರೋದು ಅದನ್ನೇ. ಒಂದು ಸಲ ಹೋಗಿ ಬಂದರೆ ಬೆಂಗಳೂರಿನಲ್ಲೂ ನಾಲ್ಕು ಜನ ಗೆಳೆಯರು ಸಿಗುತ್ತಾರೆ, ಯಾಕೆಂದರೆ ಶಿಬಿರಕ್ಕೆ ಬರುವವರಲ್ಲಿ ಇಲ್ಲಿಯವರೂ ಜಾಸ್ತಿ.

ಪ್ರಶ್ನೆ: ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುವ ಮಗ ನಾಟಕದ ತಂಡ ಸೇರಿದ್ದಾನೆ. ದಿನಾ ರಾತ್ರಿ ರಿಹರ್ಸಲ್ ಅಂತಾನೆ. ಓದು ಕೆಡುತ್ತದೆ ಅಂತ ಭಯ. ಬಿಡಿಸಲೇ? (ದಾವಣಗೆರೆಯಿಂದ ಒಬ್ಬ ತಂದೆ)

ಉತ್ತರ: ಬಿಡಿಸಬೇಡಿ ಸರ್. ಈ ಊರಿನ ಹವ್ಯಾಸಿ ರಂಗಭೂಮಿ ನಿಂತಿರುವುದೇ ಹಗಲು ಬ್ಯಾಂಕು, ಕಚೇರಿ, ಕಾಲೇಜು ಅಂತ ದುಡಿದು ಸಂಜೆ ರಿಹರ್ಸಲ್ಲಿಗೆ ಬರುವವರಿಂದ. ಪ್ರದರ್ಶನ ಹತ್ತಿರವಾದಾಗ ಸಂಜೆಗಳು ಪೂರ್ತಿ ಹೋಗುತ್ತವೆ, ಆಮೇಲೆ ಬಿಡುವಾಗುತ್ತದೆ. ಪರೀಕ್ಷೆಯ ದಿನಾಂಕ ತಂಡದವರಿಗೆ ಮೊದಲೇ ಹೇಳಿದ್ದಾನಾ ಅಂತ ಕೇಳಿ, ಆ ಒಂದು ಶಿಸ್ತು ಇದ್ದರೆ ಸಾಕು. ಮುಂದಿನ ಪ್ರದರ್ಶನಕ್ಕೆ ಮನೆಯವರೆಲ್ಲ ಬಂದು ನೋಡಿ.

ಪ್ರಶ್ನೆ: ಶಾಸ್ತ್ರೀಯ ಸಂಗೀತ ಕೇಳುವ ಆಸೆ. ಕೈಯಲ್ಲಿ ದುಡ್ಡು ಕಡಿಮೆ. ಎಲ್ಲಿ ಶುರು ಮಾಡಲಿ?

ಉತ್ತರ: ರಾಮನವಮಿಯಲ್ಲಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ 1939ರಿಂದ ನಡೆದು ಬಂದಿರುವ ಸಂಗೀತೋತ್ಸವ ದೊಡ್ಡದು, ಅಲ್ಲಿ ಟಿಕೆಟ್ ಇರುತ್ತದೆ. ಆದರೆ ಅದೇ ದಿನಗಳಲ್ಲಿ ಬಡಾವಣೆಗಳ ದೇವಸ್ಥಾನ, ಪೆಂಡಾಲುಗಳಲ್ಲಿ ಉಚಿತ ಕಛೇರಿಗಳು ಎಷ್ಟೋ ನಡೆಯುತ್ತವೆ, ಜೊತೆಗೆ ಪಾನಕ, ಕೋಸಂಬರಿ. ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ವರ್ಷವಿಡೀ ಉಚಿತ ಕಾರ್ಯಕ್ರಮಗಳಿರುತ್ತವೆ. ತಾಳ ಗೊತ್ತಿಲ್ಲದಿದ್ದರೆ ಪಕ್ಕದ ಹಿರಿಯರ ಕೈ ನೋಡುತ್ತಾ ನೀವೂ ತೊಡೆ ಮೇಲೆ ಹಾಕಿ. ಹಾಡು ನಿಂತು ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನ ಶುರುವಾದಾಗ ಕಾಫಿಗೆ ಅಂತ ಎದ್ದು ಹೋಗುವವರನ್ನು ನೋಡುತ್ತೀರಿ, ಅವರ ಹಿಂದೆ ಹೋಗಬೇಡಿ. ಮೃದಂಗದವರು ಅಷ್ಟು ಹೊತ್ತು ಕಾದಿರುವುದು ಆ ಸಮಯಕ್ಕೇ.