ಮುಂದಿನ ಬೆಂಚಿನ ನಾಲ್ವರೇ ಉತ್ತರ ಹೇಳುತ್ತಾರೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಹಾವೇರಿ ಕಡೆ. ಈಗ ಕೊಡಗಿನ ಸಿದ್ದಾಪುರದ ಹತ್ತಿರ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಒಂಬತ್ತನೇ ತರಗತಿಯಲ್ಲಿ 36 ಮಕ್ಕಳು. ಏನು ಕೇಳಿದರೂ ಮುಂದಿನ ಬೆಂಚಿನ ನಾಲ್ವರೇ ಕೈ ಎತ್ತುತ್ತಾರೆ. ಲೈನ್ ಮನೆಗಳಿಂದ (ತೋಟದ ಕೆಲಸಗಾರರ ಸಾಲುಮನೆಗಳು) ಬರುವ ಮಕ್ಕಳಂತೂ ತಲೆ ತಗ್ಗಿಸಿ ಕೂತುಬಿಡುತ್ತಾರೆ. ಗುಂಪು ಮಾಡಿ 'ಚರ್ಚೆ ಮಾಡಿ' ಅಂದರೆ ಬರೀ ಗದ್ದಲ. ಪಕ್ಕದ ಕ್ಲಾಸಿನವರು ಬಂದು ಬಾಗಿಲು ತಟ್ಟುತ್ತಾರೆ. ಸಿಲೆಬಸ್ ಬೇರೆ ಮುಗಿಯಬೇಕು. ಈ ಮಕ್ಕಳನ್ನು ಮಾತಾಡಿಸುವುದು ಹೇಗೆ?

ಉತ್ತರ: ಮೇಡಂ, ಅದೇ ಮಕ್ಕಳು ಬಿಸಿಯೂಟಕ್ಕೆ ಕೂತಾಗ ಸುಮ್ಮನಿರುತ್ತಾರಾ? ಇಲ್ಲ ಅಲ್ವಾ. ಹಾಗಾಗಿ ಮಕ್ಕಳಿಗೆ ನಾಚಿಕೆ ಅಂತ ತೀರ್ಮಾನ ಮಾಡುವ ಮೊದಲು ನಾವು ಕೇಳುವ ಪ್ರಶ್ನೆಯನ್ನೊಮ್ಮೆ ನೋಡೋಣ.

ಸಾಮಾನ್ಯವಾಗಿ ನಡೆಯುವುದು ಹೀಗೆ. 'ಕಾಡಾನೆ ತೋಟಕ್ಕೆ ಯಾಕೆ ಬರುತ್ತದೆ?' 'ಅರಣ್ಯ ನಾಶದಿಂದ, ಟೀಚರ್.' 'ವೆರಿ ಗುಡ್, ಕೂತ್ಕೋ.' ಮುಗಿಯಿತು. ಟೀಚರಿಗೆ ಉತ್ತರ ಮೊದಲೇ ಗೊತ್ತಿತ್ತು. ಹುಡುಗನಿಗೆ ಗೈಡಿನಲ್ಲಿ ಸಿಕ್ಕಿತ್ತು. ಉಳಿದ 35 ಮಂದಿಗೆ ಹೇಳಲು ಏನು ಬಾಕಿ ಇದೆ? ಟೀಚರ್ ಕೇಳುವುದು, ಮಗು ಹೇಳುವುದು, ಟೀಚರ್ ಸರಿ-ತಪ್ಪು ಅನ್ನುವುದು. ಈ ಮೂರು ಹೆಜ್ಜೆಯ ಓಡಾಟವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಹ್ಯೂ ಮೀಹನ್ 1979ರಲ್ಲೇ ಗುರುತಿಸಿ ಬರೆದರು. ಪಾಠ ಓದಿದ್ದಾರಾ ಅಂತ ನೋಡಲು ಅದು ಸಾಕು. ಚರ್ಚೆ ಅದರಿಂದ ಹುಟ್ಟುವುದಿಲ್ಲ.

ನಿಮಗೆ ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳಿ. ಈ ವಿಷಯದಲ್ಲಿ ಹೊರಗಿನಿಂದ ಬಂದ ನಿಮಗೆ ಇಲ್ಲಿಯವರಿಗಿಂತ ಅನುಕೂಲ ಜಾಸ್ತಿ. ಆನೆ, ಕಾಫಿ, ಕಾಫಿ ಹೂ ಅರಳಿಸುವ ಹೂಮಳೆ, ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರ ಇವುಗಳ ಬಗ್ಗೆ ನಿಮ್ಮ ಕ್ಲಾಸಿನ ಕೊನೆಯ ಬೆಂಚಿನವರಿಗೆ ಗೊತ್ತಿರುವಷ್ಟು ನಿಮಗೆ ಗೊತ್ತಿರಲಿಕ್ಕಿಲ್ಲ. ಅದು ಮಕ್ಕಳಿಗೂ ಗೊತ್ತು!

ಮಾಲ್ದಾರೆ ಕಡೆಯ ಒಂದು ಶಾಲೆಯಲ್ಲಿ ನಾನು ಕೂತು ಕೇಳಿದ ಪಾಠ ಹೇಳುತ್ತೇನೆ. ಟೀಚರ್ ಬೋರ್ಡಿನ ಮೇಲೆ ಬರೆದದ್ದು ಇಷ್ಟೇ: 'ಹಲಸಿನ ಹಣ್ಣಿಗೆ ಆನೆ ಬರುತ್ತದೆ ಅಂತ ಒಬ್ಬರು ತೋಟದ ಹಲಸಿನ ಮರಗಳನ್ನೆಲ್ಲ ಕಡಿಸಬೇಕು ಅಂತಿದ್ದಾರೆ. ಕಡಿಸಬೇಕಾ, ಬೇಡವಾ? ಯಾಕೆ?' ಒಬ್ಬ ಹುಡುಗ 'ಕಡಿಸಬೇಕು' ಅಂದ. ಟೀಚರ್ ಗುಡ್ ಅನ್ನಲಿಲ್ಲ, ತಪ್ಪು ಅಂತಲೂ ಅನ್ನಲಿಲ್ಲ. ಸುಮ್ನೆ ನಿಂತರು. ಹಿಂದಿನಿಂದ ಒಬ್ಬಳು, 'ಕಡಿದ್ರೆ ಕಾಫಿಗೆ ನೆರಳೆಲ್ಲಿ? ಎಳೆ ಕಾಯಿ ಇರುವಾಗಲೇ ಕೊಯ್ದು ಹಾಕಿದ್ರಾಯ್ತು' ಅಂದಳು. ಇನ್ನೊಬ್ಬ, 'ಹಲಸು ಸಿಗದಿದ್ರೆ ಬಾಳೆ ತಿಂತದೆ. ನಮ್ಮ ಲೈನಿನ ಹಿಂದೆ ಅದೇ ಆಗಿದ್ದು' ಅಂದ. 'ಕೆರೆಗೂ ಬರ್ತದೆ, ಹಾಗಂತ ಕೆರೆ ಮುಚ್ತೀರಾ?' ಅಂತ ಮತ್ತೊಬ್ಬಳು. ಆಮೇಲೆ ಸೋಲಾರ್ ಬೇಲಿಯ ಮಾತು ಬಂತು. ಆನೆ ಮರ ಬೀಳಿಸಿ ಬೇಲಿ ದಾಟುವುದನ್ನು ಒಬ್ಬ ಕೈಯಲ್ಲೇ ಮಾಡಿ ತೋರಿಸಿದ. ಅಷ್ಟು ಹೊತ್ತಿಗೆ ಮೊದಲು 'ಕಡಿಸಬೇಕು' ಅಂದವನೇ, 'ಹಾಗಾದ್ರೆ ಎಲ್ಲಾ ಮರ ಬೇಡ, ದಾರಿ ಪಕ್ಕದ್ದು ಮಾತ್ರ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಅಲ್ಲೇ ನಡೀಬೇಕಲ್ಲ' ಅಂದ. ಅರಣ್ಯ ನಾಶ ಅನ್ನುವ ಮಾತೂ ಬಂತು, ಆದರೆ ಕೊನೆಗೆ, ಮಕ್ಕಳ ಬಾಯಿಂದಲೇ.

ಅಲ್ಲಿ ಟೀಚರ್ ಸುಮ್ನೆ ನಿಂತದ್ದು ಸಣ್ಣ ಸಂಗತಿ ಅಲ್ಲ. ಮೇರಿ ಬಡ್ ರೋ ಅನ್ನುವ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಇದನ್ನು ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು, 'ಗೊತ್ತಿಲ್ಲ' ಅನ್ನುವುದು ಕಮ್ಮಿಯಾಯಿತು. ಇದರಲ್ಲಿ ನಾವು ಮರೆಯುವ ಅರ್ಧ ಒಂದಿದೆ. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಹೊತ್ತು ಕಾಯಬೇಕು. ನಿಮ್ಮ 'ವೆರಿ ಗುಡ್' ಅಲ್ಲೇ ಬಿದ್ದರೆ ಮುಂದಿನ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಸರಿ ಉತ್ತರ ಬಂದಾಯಿತಲ್ಲ, ಇನ್ನೇನು? ಆ ಜಾಗದಲ್ಲಿ 'ಇದಕ್ಕೆ ಯಾರಾದರೂ ಏನಾದರೂ ಸೇರಿಸ್ತೀರಾ?' ಅನ್ನಿ. ಇಲ್ಲವೇ ಏನೂ ಅನ್ನಬೇಡಿ. ಮೊದಲ ವಾರ ನಿಮಗೇ ಕಸಿವಿಸಿ ಆಗುತ್ತದೆ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಇನ್ನು ಭಾಷೆ. ಕೊಡಗಿನ ಕ್ಲಾಸಿನಲ್ಲಿ ಕೊಡವ, ಅರೆಭಾಷೆ, ಮಲಯಾಳಂ, ತುಳು, ತಮಿಳು, ಎರವರ ಮಾತು, ಜೇನುಕುರುಬರ ಮಾತು ಎಲ್ಲಾ ಕೂತಿರುತ್ತವೆ. ಈಗ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಪಾಠದ ಕನ್ನಡದಲ್ಲಿ ಎದ್ದು ನಿಂತು, 36 ಜನರ ಮುಂದೆ, ಥಟ್ಟನೆ ಯೋಚಿಸಿ ಹೇಳು ಅಂದರೆ ಯಾರಿಗಾದರೂ ನಾಲಿಗೆ ಏಳುವುದಿಲ್ಲ. ಅದಕ್ಕೆ ಮೊದಲು ಒಂದು ನಿಮಿಷ ಒಬ್ಬೊಬ್ಬರೇ ಯೋಚಿಸಲಿ. ಆಮೇಲೆ ಎರಡು ನಿಮಿಷ ಪಕ್ಕದವರ ಜೊತೆ ಯಾವ ಭಾಷೆ ಬರುತ್ತದೋ ಅದರಲ್ಲಿ ಮಾತಾಡಲಿ. ಕೊನೆಗೆ ಎಲ್ಲರ ಮುಂದೆ. ಫ್ರಾಂಕ್ ಲೈಮನ್ ಅನ್ನುವ ಅಮೆರಿಕದ ಶಿಕ್ಷಣ ತಜ್ಞರು 1981ರಲ್ಲಿ ಹೇಳಿಕೊಟ್ಟ ಈ ಕ್ರಮ ಈಗ ತರಬೇತಿಗಳಲ್ಲಿ ಹಳೆಯದಾಗಿದೆ. ಇದಕ್ಕೆ ನನ್ನದೊಂದು ಸೇರ್ಪಡೆ: ಎಲ್ಲರ ಮುಂದೆ ಕೇಳುವಾಗ 'ನೀನು ಏನಂತೀಯ?' ಅನ್ನಬೇಡಿ, 'ನಿನ್ನ ಪಕ್ಕದವಳು ಏನಂದಳು?' ಅನ್ನಿ. ಬೇರೆಯವರ ಮಾತು ಹೇಳುವಾಗ ಹೆದರಿಕೆ ಕಮ್ಮಿ. ಪಕ್ಕದವಳ ಮಾತನ್ನು ಕಿವಿಗೊಟ್ಟು ಕೇಳಲೂ ಬೇಕಾಗುತ್ತದೆ.

ಆ ನಾಲ್ವರನ್ನು ಸುಮ್ಮನಿರಿಸಲು ಹೋಗಬೇಡಿ, ಬೇಜಾರಾಗುತ್ತಾರೆ. ಒಂದು ವಾರ ಅವರಿಗೆ ಉತ್ತರ ಹೇಳುವ ಕೆಲಸ ಬೇಡ, ಪ್ರಶ್ನೆ ಕೇಳುವ ಕೆಲಸ ಕೊಡಿ.

ಗದ್ದಲಕ್ಕೆ ಕಾರಣ ಗುಂಪಿನ ಗಾತ್ರ. ಎಂಟು ಜನ ಸೇರಿದರೆ ಇಬ್ಬರು ಮಾತಾಡುತ್ತಾರೆ, ಆರು ಜನ ಕೀಟಲೆ ಮಾಡುತ್ತಾರೆ. ಜೋಡಿ ಸಾಕು. ಹೆಚ್ಚೆಂದರೆ ನಾಲ್ವರು, ಕೈಯಲ್ಲಿ ಒಂದು ಚೀಟಿ, ಅದರ ಮೇಲೆ ಕೊನೆಗೆ ಒಂದು ವಾಕ್ಯ ಬರೆದು ಕೊಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಈ ಮಾತಿನ ಚರ್ಚೆ ಬಿಟ್ಟುಬಿಡಿ. ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಪಕ್ಕದವರು ಹೇಳಿದ್ದೇ ಕೇಳುವುದಿಲ್ಲ. ಆಗ ಕಾಗದದ ಚರ್ಚೆ ಮಾಡಿಸಿ. ಹಾಳೆಯ ತಲೆಯಲ್ಲಿ ಪ್ರಶ್ನೆ, ಒಬ್ಬರು ತಮ್ಮ ಅಭಿಪ್ರಾಯ ಬರೆದು ಮುಂದೆ ಕೊಡುತ್ತಾರೆ, ಮುಂದಿನವರು ಅದನ್ನು ಓದಿ ಅದಕ್ಕೇ ಉತ್ತರ ಬರೆಯಬೇಕು. ಮಾತಿಗೆ ಎದ್ದು ನಿಲ್ಲದ ಎಷ್ಟೋ ಮಕ್ಕಳು ಇದರಲ್ಲಿ ಚೆನ್ನಾಗಿ ಜಗಳ ಆಡುತ್ತಾರೆ.

ಎರಡು ಕಡೆ ಸ್ವಲ್ಪ ಜೋಪಾನ. ಭೂಕುಸಿತದ ಪಾಠ ಬಂದಾಗ, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಮನೆ ಕಳೆದುಕೊಂಡವರ ಮಕ್ಕಳು ನಿಮ್ಮ ಕ್ಲಾಸಿನಲ್ಲಿ ಇದ್ದಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ. 'ನಿನ್ನ ಅನುಭವ ಹೇಳು' ಅಂತ ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸುವುದು ನನಗಂತೂ ಸರಿ ಕಾಣುವುದಿಲ್ಲ. ಹಾಗೆಯೇ ಕೂಲಿ ಎಷ್ಟಿರಬೇಕು ಅನ್ನುವಂಥ ವಿಷಯ. ತೋಟದವರ ಮಗ ಮತ್ತು ಅದೇ ತೋಟದಲ್ಲಿ ಕೆಲಸ ಮಾಡುವವರ ಮಗಳು ಒಂದೇ ಕೋಣೆಯಲ್ಲಿ ಕೂತಿರಬಹುದು. ವಿಷಯ ಬಿಡಬೇಕಿಲ್ಲ. ಯಾರು ಪರ, ಯಾರು ವಿರೋಧ ಮಾತಾಡಬೇಕು ಅನ್ನುವುದನ್ನು ಚೀಟಿ ಎತ್ತಿ ಹಂಚಿ. ಆಗ ಯಾರೂ ತಮ್ಮ ಮನೆಯ ಮಾತು ಆಡಬೇಕಾಗುವುದಿಲ್ಲ.

ಸಿಲೆಬಸ್ ಬಗ್ಗೆ: ಪ್ರತಿದಿನ ಇದು ಬೇಡ. ಒಂದು ಪಾಠಕ್ಕೆ ಒಂದು ಪ್ರಶ್ನೆ, ಹನ್ನೆರಡು-ಹದಿನೈದು ನಿಮಿಷ. ಮಳೆ ರಜೆಗೆ ಬದಲಾಗಿ ನಡೆಸುವ ಶನಿವಾರದ ಕ್ಲಾಸುಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಹೆಡ್‌ಮಾಸ್ಟರ್ ಕೇಳಿದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತೋರಿಸಿ. ಕಲಿಕೆ ಬಾಯಿಪಾಠದಿಂದ ಹೊರಗೆ ಬರಬೇಕು, ಶಾಲೆಯ ಹೊರಗಿನ ಬದುಕಿಗೆ ಸೇರಬೇಕು ಅಂತ ಅದರಲ್ಲೇ ಇದೆ.

ಪ್ರಶ್ನೆ: ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ಚರ್ಚೆಯನ್ನೇ ಇಟ್ಟುಕೊಂಡಿದ್ದೇನೆ. ಅಂಕ ಕೊಡುವುದು ಹೇಗೆ? ಜಾಸ್ತಿ ಮಾತಾಡಿದವರಿಗೆ ಜಾಸ್ತಿ ಕೊಟ್ಟರೆ ಉಳಿದವರು ಮುಖ ಸಣ್ಣದು ಮಾಡುತ್ತಾರೆ. (ಪೊನ್ನಂಪೇಟೆಯಿಂದ ಒಬ್ಬ ಶಿಕ್ಷಕ)

ಉತ್ತರ: ಎಷ್ಟು ಸಲ ಮಾತಾಡಿದರು ಅಂತ ಎಣಿಸಬೇಡಿ ಸರ್. ಎಣಿಸಿದರೆ ಚರ್ಚಾಸ್ಪರ್ಧೆ ಆಗಿಬಿಡುತ್ತದೆ. ಇನ್ನೊಬ್ಬರ ಮಾತು ಹಿಡಿದು ಮುಂದೆ ಹೋದರಾ, ಕಾರಣ ಕೊಟ್ಟರಾ, ಇವೆರಡು ನೋಡಿ. ಬಾಯಿಬಿಡದವರಿಗೆ ಕೊನೆಯ ಐದು ನಿಮಿಷ ಕೊಟ್ಟು, 'ಇವತ್ತು ಯಾರ ಮಾತು ಕೇಳಿ ನಿನ್ನ ಅಭಿಪ್ರಾಯ ಬದಲಾಯಿತು, ಅಥವಾ ಯಾಕೆ ಬದಲಾಗಲಿಲ್ಲ?' ಅಂತ ಬರೆಸಿ. ಅದಕ್ಕೂ ಅಷ್ಟೇ ಅಂಕ. ಆ ಹಾಳೆಗಳನ್ನೇ ಪಿನ್ ಮಾಡಿ ಇಟ್ಟುಕೊಳ್ಳಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ದಾಖಲೆ ಕೇಳಿದರೆ ಬೇರೆ ಏನೂ ಬರೆಯಬೇಕಾಗುವುದಿಲ್ಲ.