ಮಗಳ ದೊಡ್ಡಕರುಳಿನ ಹುಣ್ಣಿಗೆ ಬಯಾಲಜಿಕ್ ಔಷಧ ಕೊಡಿಸಬಹುದೇ?

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ, ತೂಕ 28 ಕಿಲೋ. ಮಲದಲ್ಲಿ ರಕ್ತ ಹೋಗುತ್ತಿದ್ದುದರಿಂದ ದಾವಣಗೆರೆಯಲ್ಲಿ ಕೊಲೊನೋಸ್ಕೋಪಿ ಮಾಡಿಸಿದೆವು. ಅಲ್ಸರೇಟಿವ್ ಕೊಲೈಟಿಸ್ ಎಂದರು. ಮೆಸಲಮೈನ್ ಮಾತ್ರೆ ಸಾಲಲಿಲ್ಲ. ಸ್ಟೀರಾಯ್ಡ್ ಕೊಟ್ಟರೆ ಹತೋಟಿಗೆ ಬರುತ್ತದೆ, ಇಳಿಸಿದೊಡನೆ ಮತ್ತೆ ರಕ್ತ, ಮುಖವೂ ಊದಿಕೊಂಡಿದೆ. ಈಗ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಬಯಾಲಜಿಕ್ ಇಂಜೆಕ್ಷನ್ ಹೇಳಿದ್ದಾರೆ. ಮಿರ್ಚಿ-ಮಂಡಕ್ಕಿ ಬಿಡಿಸಿದರೆ ಸಾಕು, ಅಷ್ಟು ದೊಡ್ಡ ಔಷಧ ಮಗುವಿಗೆ ಬೇಡ ಎನ್ನುತ್ತಾರೆ ನಮ್ಮ ಅತ್ತೆ. ಏನು ಮಾಡಲಿ?
— ಓರ್ವ ತಾಯಿ, ಜಗಳೂರು ತಾಲ್ಲೂಕು

ಉತ್ತರ: ನಿಮ್ಮ ಅತ್ತೆಯವರ ಕಾಳಜಿ ಸಹಜವೇ. ಆದರೆ ಈ ಕಾಯಿಲೆ ಮಿರ್ಚಿಯಿಂದ ಬಂದದ್ದಲ್ಲ, ಮಿರ್ಚಿ ಬಿಟ್ಟರೆ ಹೋಗುವಂಥದ್ದೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ದೊಡ್ಡಕರುಳಿನ ಒಳಪದರದ ಮೇಲೆ ತಿರುಗಿಬಿದ್ದು ಅಲ್ಲಿ ಉರಿಯೂತ ಆರದಂತೆ ಮಾಡಿರುತ್ತದೆ. ಸ್ಟೀರಾಯ್ಡ್ ಅದನ್ನು ಬೇಗ ತಗ್ಗಿಸುತ್ತದೆ ನಿಜ, ಆದರೆ ತಿಂಗಳುಗಟ್ಟಲೆ ಮುಂದುವರಿಸಿದರೆ ಬೆಳೆಯುವ ಮಕ್ಕಳ ಎತ್ತರ ಕುಂಠಿತವಾಗುತ್ತದೆ, ಮೂಳೆ ದುರ್ಬಲವಾಗುತ್ತದೆ. ನನ್ನನ್ನು ಕೇಳಿದರೆ, ನಿಮ್ಮ ಮಗಳ ವಿಷಯದಲ್ಲಿ ಹೆದರಬೇಕಾದದ್ದು ಹೊಸ ಇಂಜೆಕ್ಷನ್ನಿಗಿಂತ ಹೆಚ್ಚಾಗಿ ಈ ಹಳೆಯ ಸ್ಟೀರಾಯ್ಡ್ ಮಾತ್ರೆಗೆ.

ಇನ್‌ಫ್ಲಿಕ್ಸಿಮ್ಯಾಬ್ ಎಂಬ ಈ ಬಯಾಲಜಿಕ್, ಅಂದರೆ ಜೀವಕೋಶಗಳಿಂದ ತಯಾರಿಸುವ ಔಷಧ, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ 6 ವರ್ಷ ಮೇಲ್ಪಟ್ಟ ಮಕ್ಕಳ ಈ ಕಾಯಿಲೆಗೆ ಇದನ್ನು ಒಪ್ಪಿದೆ. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಸುಮಾರು 2 ಗಂಟೆ ಹಿಡಿಯುತ್ತದೆ. ಮೊದಲ ಡೋಸಿನ ನಂತರ 2ನೇ ವಾರ, 6ನೇ ವಾರ, ಆಮೇಲೆ 8 ವಾರಕ್ಕೊಮ್ಮೆ. ಕಿಲೋಗೆ 5 ಮಿಲಿಗ್ರಾಂನಂತೆ ನಿಮ್ಮ ಮಗಳಿಗೆ 140 ಮಿಲಿಗ್ರಾಂ, ಅಂದರೆ 100 ಮಿಲಿಗ್ರಾಂನ 2 ವಯಲ್ ಬೇಕು. 30 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಪ್ರಮಾಣ ಹೆಚ್ಚಿಸಬೇಕಾಗಿ ಬರುವುದುಂಟು. ಖರ್ಚಿನ ಅಂದಾಜು ಮಾಡುವಾಗ ಇದನ್ನೂ ಸೇರಿಸಿ, ಬಯೋಸಿಮಿಲರ್ (ಮೂಲ ಬಯಾಲಜಿಕ್‌ಗೆ ಸರಿಸಮಾನವಾಗಿ ಬೇರೆ ಕಂಪನಿ ತಯಾರಿಸುವ ಔಷಧ) ಸಿಗುತ್ತದೆಯೇ ಎಂದು ಕೇಳಿ.

ಮುಖ್ಯವಾದ ಎಚ್ಚರಿಕೆ ಕ್ಷಯದ್ದು. ದೇಹದಲ್ಲಿ ಸುಪ್ತವಾಗಿರುವ ಕ್ಷಯ ಈ ಔಷಧದಿಂದ ಕೆರಳಬಹುದಾದ್ದರಿಂದ ಮೊದಲೇ ಎದೆಯ ಎಕ್ಸ್‌ರೇ ಮತ್ತು ಮಾಂಟೂ (ಕ್ಷಯ ಪತ್ತೆಗೆ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆ) ಅಥವಾ ರಕ್ತಪರೀಕ್ಷೆ ಆಗಲೇಬೇಕು. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವ ಮಗುವಿನಲ್ಲಿ ಮಾಂಟೂ ಸುಳ್ಳಾಗಿ ನೆಗೆಟಿವ್ ಬರಬಹುದು. ಆದ್ದರಿಂದ ಮನೆಯಲ್ಲೋ ನೆರೆಯಲ್ಲೋ ಯಾರಿಗಾದರೂ ಕ್ಷಯವಿದ್ದರೆ, ಹಳೆಯದಾದರೂ ಸರಿ, ಸಂಕೋಚಪಡದೆ ವೈದ್ಯರಿಗೆ ತಿಳಿಸಿ. ಹೆಪಟೈಟಿಸ್ ಬಿ ಪರೀಕ್ಷೆಯೂ ಬೇಕು. ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ: ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ಚಿಕಿತ್ಸೆ ಶುರುವಾದ ಮೇಲೆ ಕೊಡುವಂತಿಲ್ಲ. ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನ ಅಪಾಯ ಬಹಳ ಅಪರೂಪ; ಜೊತೆಗೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಕೊಡುವುದಾದರೆ ಈ ಅಪಾಯದ ಬಗ್ಗೆ ಕೇಳಿ ತಿಳಿದುಕೊಳ್ಳಿ.

ರಕ್ತ ನಿಂತಿತೆಂದು ಡೋಸ್ ತಪ್ಪಿಸಬೇಡಿ. ನಡುವೆ ಅಂತರ ಬಿದ್ದರೆ ದೇಹ ಔಷಧದ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಂಡು, ಮುಂದೆ ಅದು ನಾಟದೆ ಹೋಗಬಹುದು, ಅಲರ್ಜಿಯೂ ಆಗಬಹುದು. ಇಂಜೆಕ್ಷನ್ ಆರಂಭವಾಯಿತೆಂದು ಸ್ಟೀರಾಯ್ಡನ್ನು ನೀವಾಗಿಯೇ ಥಟ್ಟನೆ ನಿಲ್ಲಿಸುವುದೂ ಅಪಾಯಕಾರಿ. ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ.